ಕಂಪ್ಯೂಟರಿನ ಕಾವಲಿಗೆ ಯಾರನ್ನು ನಂಬೋಣ?



ಮನೆಗೆ ಹೊಸ ಕಂಪ್ಯೂಟರ್ ಬಂತೆಂದರೆ ಮೊದಲ ವಾರದಲ್ಲೇ ಒಂದು ಪ್ರಶ್ನೆ ಏಳುತ್ತದೆ: "ಯಾವ ಆಂಟಿವೈರಸ್ ಹಾಕಿಸೋಣ?" ಅಂಗಡಿಯವರು ಒಂದು ಹೆಸರು ಹೇಳುತ್ತಾರೆ. ಇಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗ ಇನ್ನೊಂದು ಹೇಳುತ್ತಾನೆ. ಆಫೀಸಿನ ಗೆಳೆಯರು, "ಅದೆಲ್ಲ ಏನೂ ಬೇಡ ಬಿಡಿ, ಸಿಸ್ಟಮ್ ಸ್ಲೋ ಆಗುತ್ತೆ" ಅನ್ನುತ್ತಾರೆ. ಕೊನೆಗೆ ಯಾರ ಮಾತು ಜೋರಾಗಿತ್ತೋ ಅದೇ ನಡೆಯುತ್ತದೆ. ಒಂದೇ ಒಂದು ಹೆಸರು ಹೇಳಿ ಮುಗಿಸುವುದು ನನ್ನ ಉದ್ದೇಶವಲ್ಲ. ಈ ವರ್ಷ ಮುಂದಿರುವ ತಂತ್ರಾಂಶ ಮುಂದಿನ ವರ್ಷ ಹಿಂದೆ ಬೀಳಬಹುದು. ಹೆಸರುಗಳು ಬದಲಾದರೂ ನಿಮ್ಮ ಕೈಯಲ್ಲಿ ಉಳಿಯುವಂಥ ಕೆಲವು ಅಳತೆಗೋಲುಗಳನ್ನು ಕೊಡಬೇಕೆಂಬುದು ನನ್ನ ಆಸೆ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ರಕ್ಷಣಾ ತಂತ್ರಾಂಶ ಉಳಿದ ತಂತ್ರಾಂಶಗಳ ಹಾಗೆ ತನ್ನ ಪಾಡಿಗೆ ಒಂದು ಮೂಲೆಯಲ್ಲಿ ಇರುವಂಥದ್ದಲ್ಲ. ಅದು ನಮ್ಮ ಫೈಲುಗಳನ್ನೆಲ್ಲ ತೆರೆದು ನೋಡುತ್ತದೆ. ನಾವು ಯಾವ ಜಾಲತಾಣಕ್ಕೆ ಹೋಗುತ್ತೇವೆಂದು ಗಮನಿಸುತ್ತದೆ. ಯಾವ ಪ್ರೋಗ್ರಾಂ ಓಡಬೇಕು, ಯಾವುದು ಓಡಬಾರದು ಎಂದು ತಾನೇ ತೀರ್ಮಾನಿಸುತ್ತದೆ. ಎಲ್ಲ ಕೋಣೆಗಳ ಬೀಗದ ಕೈಗಳನ್ನೂ ಒಪ್ಪಿಸಿ ನೇಮಿಸಿಕೊಂಡ ಕಾವಲುಗಾರ ಅದು. ಹಾಗೆ ಒಬ್ಬರನ್ನು ನೇಮಿಸಿಕೊಳ್ಳುವಾಗ ನಾವು ಎರಡು ವಿಷಯ ವಿಚಾರಿಸುತ್ತೇವೆ: ಕೆಲಸ ಗೊತ್ತಿದೆಯೇ? ನಂಬಿಕಸ್ಥರೇ? ಆಂಟಿವೈರಸ್ ಆರಿಸುವಾಗಲೂ ಕೇಳಬೇಕಾದ ಪ್ರಶ್ನೆಗಳು ಈ ಎರಡೇ. ನಮ್ಮಲ್ಲಿ ಹೆಚ್ಚಿನವರು ಬೆಲೆ ಎಷ್ಟು ಎಂಬಲ್ಲಿಗೆ ನಿಲ್ಲಿಸಿಬಿಡುತ್ತೇವೆ.

ಎದುರಾಳಿಯ ಪರಿಚಯ ಸ್ವಲ್ಪ ಮಾಡಿಕೊಳ್ಳೋಣ. ಪಿಸಿಗಳಲ್ಲಿ ಹರಡಿದ ಮೊದಲ ವೈರಸ್ ಎಂದು ಹೆಸರಾದ 'ಬ್ರೇನ್' ಹುಟ್ಟಿದ್ದು 1986ರಲ್ಲಿ, ಲಾಹೋರಿನಲ್ಲಿ. ಬಾಸಿತ್ ಮತ್ತು ಅಮ್ಜದ್ ಅಲ್ವಿ ಎಂಬ ಅಣ್ಣತಮ್ಮಂದಿರು ಅದನ್ನು ಬರೆದರು. ಅದರೊಳಗೆ ತಮ್ಮ ಹೆಸರು, ವಿಳಾಸ, ಫೋನ್ ನಂಬರನ್ನೂ ಇಟ್ಟಿದ್ದರು. ಫ್ಲಾಪಿಯಿಂದ ಫ್ಲಾಪಿಗೆ ಅದು ದೇಶ ದೇಶ ಸುತ್ತಿತು. ಮೂರೇ ವರ್ಷದಲ್ಲಿ ಇದಕ್ಕೆ ಹಣದಾಸೆ ಸೇರಿಕೊಂಡಿತು. 1989ರಲ್ಲಿ ಅಮೆರಿಕದ ಜೋಸೆಫ್ ಪಾಪ್ ಎಂಬಾತ ಏಡ್ಸ್ ರೋಗದ ಮಾಹಿತಿ ಎಂಬ ನೆಪದಲ್ಲಿ ಸಾವಿರಾರು ಫ್ಲಾಪಿಗಳನ್ನು ಅಂಚೆಯಲ್ಲಿ ಹಂಚಿದ. ಆ ಫ್ಲಾಪಿ ಹಾಕಿದ ಕಂಪ್ಯೂಟರನ್ನು ಸುಮಾರು 90 ಸಲ ಆನ್ ಮಾಡಿದ ಮೇಲೆ ಫೈಲುಗಳ ಹೆಸರುಗಳೆಲ್ಲ ಗುರುತು ಸಿಗದಂತೆ ಆಗುತ್ತಿದ್ದವು. ಸರಿಪಡಿಸಬೇಕೆಂದರೆ ಪನಾಮಾ ದೇಶದ ಒಂದು ಅಂಚೆಪೆಟ್ಟಿಗೆಗೆ 189 ಡಾಲರ್ ಕಳಿಸಬೇಕೆಂಬ ಬೇಡಿಕೆ ಪರದೆಯ ಮೇಲೆ ಬರುತ್ತಿತ್ತು. ಫೈಲುಗಳನ್ನು ಒತ್ತೆಯಿಟ್ಟುಕೊಂಡು ಹಣ ಕೇಳುವ, ಇಂದು ನಾವು ರಾನ್ಸಮ್‌ವೇರ್ ಎನ್ನುವ ದಂಧೆಯ ಮೊದಲ ಮುಖ ಅದು.

ಇವತ್ತು ವೈರಸ್, ವರ್ಮ್, ಟ್ರೋಜನ್, ಗೂಢಚಾರಿಕೆಯ ಸ್ಪೈವೇರ್, ರಾನ್ಸಮ್‌ವೇರ್ ಎಲ್ಲವನ್ನೂ ಸೇರಿಸಿ ಮಾಲ್‌ವೇರ್ ಅನ್ನುತ್ತೇವೆ, ಕನ್ನಡದಲ್ಲಿ ಕುತಂತ್ರಾಂಶ. ಇವನ್ನು ಬರೆಯುವವರು ಈಗ ತಮ್ಮ ವಿಳಾಸ ಇಡುವುದಿಲ್ಲ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ದಾಳಿಯಾಯಿತು. 5 ಸರ್ವರ್‌ಗಳು ಸಿಕ್ಕಿಬಿದ್ದವು. ಹೊರರೋಗಿಗಳ ನೋಂದಣಿ, ಲ್ಯಾಬ್ ವರದಿ ಎಲ್ಲವನ್ನೂ ಸುಮಾರು ಎರಡು ವಾರ ಕಾಗದದಲ್ಲಿ ಬರೆದು ನಡೆಸಬೇಕಾಯಿತು. ದೇಶದ ಮೂಲೆ ಮೂಲೆಯಿಂದ ರಾತ್ರಿ ರೈಲಿನಲ್ಲಿ ಬಂದು ಚೀಟಿಗಾಗಿ ಸಾಲಿನಲ್ಲಿ ನಿಲ್ಲುವ ಬಡವರ ಆಸ್ಪತ್ರೆ ಅದು. ಕುತಂತ್ರಾಂಶ ಅಂದರೆ ಕಂಪ್ಯೂಟರಿನವರ ತಲೆನೋವು ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಇನ್ನು ನಮ್ಮೂರುಗಳಲ್ಲಿ ಇದು ಒಳಗೆ ಬರುವ ದಾರಿ ನೋಡೋಣ. ತಾಲ್ಲೂಕು ಕಚೇರಿಯ ಎದುರಿನ ಯಾವುದಾದರೂ ಜೆರಾಕ್ಸ್, ಡಿಟಿಪಿ ಅಂಗಡಿಗೆ ಹೋಗಿ ಅರ್ಧ ಗಂಟೆ ನಿಂತರೆ ಸಾಕು. "ಅಣ್ಣಾ, ಇದರಲ್ಲಿ ಎರಡು ಪ್ರಿಂಟ್ ಕೊಡಿ" ಎಂದು ಒಬ್ಬ ಹುಡುಗ ಪೆನ್ ಡ್ರೈವ್ ಚಾಚುತ್ತಾನೆ. ಅಂಗಡಿಯವರು ಚುಚ್ಚುತ್ತಾರೆ. ತೆರೆದರೆ ಒಳಗೆ ಅವನ ಪ್ರಾಜೆಕ್ಟ್ ಇಲ್ಲ. ಪೆನ್ ಡ್ರೈವಿನದೇ ಹೆಸರಿನ ಒಂದು ಶಾರ್ಟ್‌ಕಟ್ ಇದೆ, ಅದರ ಮೂಲೆಯಲ್ಲಿ ಸಣ್ಣ ಬಾಣದ ಗುರುತು. "ಇದೇನೋ ಬೇರೆ ಥರ ಕಾಣುತ್ತಲ್ಲಪ್ಪಾ" ಎನ್ನುತ್ತಲೇ ಅದರ ಮೇಲೆ ಎರಡು ಸಲ ಒತ್ತುತ್ತಾರೆ. ಫೋಲ್ಡರ್ ತೆರೆಯುತ್ತದೆ, ಫೈಲುಗಳು ಕಾಣುತ್ತವೆ, ಪ್ರಿಂಟ್ ಬರುತ್ತದೆ, ಹುಡುಗ ಹತ್ತು ರೂಪಾಯಿ ಕೊಟ್ಟು ಹೋಗುತ್ತಾನೆ. ಆ ಎರಡು ಒತ್ತಿನಲ್ಲಿ ಫೋಲ್ಡರಿನ ಜೊತೆಗೆ ಕುತಂತ್ರಾಂಶವೂ ಓಡಿತು. ಇನ್ನು ಸಂಜೆಯವರೆಗೆ ಆ ಅಂಗಡಿಗೆ ಬರುವ ಪೆನ್ ಡ್ರೈವುಗಳಿಗೆಲ್ಲ ಅದು ಹತ್ತುತ್ತದೆ.

ಇಲ್ಲಿ ಒಂದು ಉಪಯುಕ್ತ ಸಂಗತಿ ಹೇಳಬೇಕು. ಈ ಶಾರ್ಟ್‌ಕಟ್ ವೈರಸ್ ಸಾಮಾನ್ಯವಾಗಿ ನಿಮ್ಮ ಫೈಲುಗಳನ್ನು ಅಳಿಸಿರುವುದಿಲ್ಲ, ಅಡಗಿಸಿಟ್ಟಿರುತ್ತದೆ. ಹಾಗಾಗಿ ಹೆದರಿ ಕೂಡಲೇ ಫಾರ್ಮ್ಯಾಟ್ ಹೊಡೆಯಬೇಡಿ. ಮೊದಲು ಆಂಟಿವೈರಸ್‌ನಿಂದ ಪೆನ್ ಡ್ರೈವನ್ನು ಸ್ಕ್ಯಾನ್ ಮಾಡಿ. ಆಮೇಲೆ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ ಎಂಬಲ್ಲಿ ಹಿಡನ್ ಐಟಮ್ಸ್ ಕಾಣುವಂತೆ ಮಾಡಿ. ಸಿಸ್ಟಮ್ ಫೈಲುಗಳ ಜೊತೆಗೆ ಅಡಗಿಸಿದ್ದರೆ ಅವೂ ಕಾಣುವಂತೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ಬದಲಿಸಿಕೊಳ್ಳಬೇಕು. ವರ್ಷವಿಡೀ ಮಾಡಿದ ಪ್ರಾಜೆಕ್ಟ್ ಅಲ್ಲೇ ಸಿಗುತ್ತದೆ.

ಎರಡನೆಯ ದಾರಿ ಕ್ರ್ಯಾಕ್ ಮಾಡಿದ ತಂತ್ರಾಂಶ. ವಿಂಡೋಸ್, ಫೋಟೋಶಾಪ್, ಲೆಕ್ಕದ ತಂತ್ರಾಂಶಗಳ ಪುಕ್ಕಟೆ ಪ್ರತಿ ಹಾಕಿಕೊಡುವಾಗ, "ಮೊದಲು ಆಂಟಿವೈರಸ್ ಆಫ್ ಮಾಡಿ" ಎಂಬ ಸೂಚನೆ ಅದರ ಜೊತೆಗೇ ಇರುತ್ತದೆ. ಕಾವಲನ್ನು ಬದಿಗೆ ಸರಿಸಿದ ಮೇಲೆಯೇ ಒಳಗೆ ಬರುತ್ತೇನೆ ಎನ್ನುವ ತಂತ್ರಾಂಶವನ್ನು ಯಾವ ಕಾರಣಕ್ಕೂ ಹಾಕಿಕೊಳ್ಳಬೇಡಿ. ಮೂರನೆಯದು ಇಮೇಲ್ ಮತ್ತು ವಾಟ್ಸಾಪ್‌ನಲ್ಲಿ ಬರುವ ಫೈಲುಗಳು. ಬಿಲ್ ಎಂದೋ ಕೊರಿಯರ್ ರಸೀದಿ ಎಂದೋ ಹೆಸರಿದ್ದು, ಕೊನೆಯಲ್ಲಿ ಇಎಕ್ಸ್‌ಇ ಎಂಬ ಮೂರು ಅಕ್ಷರ ಇದ್ದರೆ ಅದು ಕಾಗದಪತ್ರವಲ್ಲ, ಪ್ರೋಗ್ರಾಂ. ಮೊಬೈಲಿನಲ್ಲಿ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲುಗಳೂ ಇದೇ ಜಾತಿಯವು. ನೆಂಟರ ನಂಬರಿನಿಂದಲೇ ಬಂದಿದ್ದರೂ ಒತ್ತಬೇಡಿ. ಅವರಿಗೊಂದು ಫೋನ್ ಮಾಡಿ ಕೇಳಿ.

ಈಗ ಮೊದಲ ಪ್ರಶ್ನೆಗೆ ಬರೋಣ: ತಂತ್ರಾಂಶಕ್ಕೆ ಕೆಲಸ ಗೊತ್ತಿದೆಯೇ?

ಹಳೆಯ ಕಾಲದ ಆಂಟಿವೈರಸ್‌ಗಳು ಗುರುತು ಹಿಡಿದು ತಡೆಯುತ್ತಿದ್ದವು. ಒಂದು ವೈರಸ್ ಸಿಕ್ಕಿದರೆ ಅದರ ಗುರುತನ್ನು ಪಟ್ಟಿಗೆ ಸೇರಿಸುವುದು, ಮುಂದೆ ಅಂಥದೇ ಕಂಡರೆ ಹಿಡಿಯುವುದು. ಈಗ ಅಷ್ಟು ಸಾಲದು. ಜರ್ಮನಿಯ ಮ್ಯಾಗ್ಡೆಬರ್ಗ್ ನಗರದ ಎವಿ-ಟೆಸ್ಟ್ ಎಂಬ ಪರೀಕ್ಷಾ ಸಂಸ್ಥೆ ದಿನವೊಂದಕ್ಕೆ 4,50,000ಕ್ಕೂ ಹೆಚ್ಚು ಹೊಸ ಕುತಂತ್ರಾಂಶಗಳನ್ನೂ ಅನಪೇಕ್ಷಿತ ತಂತ್ರಾಂಶಗಳನ್ನೂ ದಾಖಲಿಸುತ್ತದೆ. ಇಷ್ಟನ್ನು ಯಾವ ಪಟ್ಟಿಯೂ ತಾಳುವುದಿಲ್ಲ. ಆದ್ದರಿಂದ ಒಳ್ಳೆಯ ತಂತ್ರಾಂಶ ನಡತೆಯನ್ನೂ ಗಮನಿಸುತ್ತದೆ. ಈಗಷ್ಟೇ ಬಂದ ಅಪರಿಚಿತ ಪ್ರೋಗ್ರಾಂ ಒಂದಾದ ಮೇಲೊಂದು ನೂರಾರು ಫೈಲುಗಳನ್ನು ತೆರೆದು ತಿರುಚುತ್ತಿದ್ದರೆ, ಅದರ ಹೆಸರು ಯಾವ ಪಟ್ಟಿಯಲ್ಲಿ ಇಲ್ಲದಿದ್ದರೂ, ಕೂಡಲೇ ನಿಲ್ಲಿಸುತ್ತದೆ. ಜೊತೆಗೆ ಅನುಮಾನ ಬಂದ ಫೈಲಿನ ವಿವರವನ್ನು ಇಂಟರ್ನೆಟ್ ಮೂಲಕ ಕಂಪನಿಯ ಸರ್ವರ್‌ಗೆ ಕಳಿಸಿ ಕ್ಷಣದಲ್ಲಿ ಅಭಿಪ್ರಾಯ ಪಡೆಯುತ್ತದೆ. ಗುರುತು, ನಡತೆ, ಸರ್ವರಿನ ಅಭಿಪ್ರಾಯ: ಈ ಮೂರೂ ಇರುವ ತಂತ್ರಾಂಶವನ್ನೇ ಆರಿಸಿಕೊಳ್ಳಿ. ಅಪ್‌ಡೇಟ್ ಇಲ್ಲದೆ ತಿಂಗಳುಗಟ್ಟಲೆ ಬಿದ್ದಿರುವ ತಂತ್ರಾಂಶಕ್ಕೆ ಈ ಮೂರರಲ್ಲಿ ಯಾವುದೂ ಪೂರ್ತಿ ಕೈಗೆ ಬರುವುದಿಲ್ಲ.

ಇವನ್ನೆಲ್ಲ ಮನೆಯಲ್ಲಿ ಕೂತು ಪರೀಕ್ಷಿಸುವುದು ನಮ್ಮಿಂದ ಆಗದ ಕೆಲಸ. ಅದಕ್ಕೆಂದೇ ಸ್ವತಂತ್ರ ಪರೀಕ್ಷಾ ಸಂಸ್ಥೆಗಳಿವೆ. ಆಗಲೇ ಹೇಳಿದ ಎವಿ-ಟೆಸ್ಟ್ ಒಂದು. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿರುವ ಎವಿ-ಕಂಪ್ಯಾರಟಿವ್ಸ್ ಇನ್ನೊಂದು. ಇವುಗಳ ವರದಿಗಳು ಇಂಟರ್ನೆಟ್‌ನಲ್ಲಿ ಯಾರಿಗಾದರೂ ಪುಕ್ಕಟೆ ಸಿಗುತ್ತವೆ. ಎವಿ-ಟೆಸ್ಟ್ ಮೂರು ವಿಷಯಗಳಿಗೆ ತಲಾ 6ರಂತೆ ಒಟ್ಟು 18 ಅಂಕ ಕೊಡುತ್ತದೆ. ಮೊದಲನೆಯದು ರಕ್ಷಣೆ: ಎಷ್ಟು ಹಿಡಿಯಿತು. ಎರಡನೆಯದು ವೇಗ: ಅದು ಓಡುತ್ತಿರುವಾಗ ಕಂಪ್ಯೂಟರ್ ಎಷ್ಟು ನಿಧಾನವಾಯಿತು. ಮೂರನೆಯದು ಬಳಕೆ: ನಿರಪರಾಧಿ ಫೈಲುಗಳನ್ನು ಎಷ್ಟು ಸಲ ವೈರಸ್ ಎಂದು ಕೂಗಿತು. ಒಟ್ಟು ಅಂಕವೊಂದನ್ನೇ ನೋಡಬೇಡಿ, ಮೂರನ್ನೂ ಬೇರೆ ಬೇರೆಯಾಗಿ ಓದಿ. ಒಂದೇ ತಿಂಗಳ ವರದಿಯನ್ನು ನೆಚ್ಚದೆ ಒಂದೆರಡು ವರ್ಷದ ವರದಿಗಳನ್ನು ತಿರುವಿ ಹಾಕಿ. ಪ್ರತಿ ಸಲವೂ ಮೇಲಿನ ಸಾಲಿನಲ್ಲಿ ಇರುವ ಹೆಸರನ್ನು ನಂಬಬಹುದು. ನಿಮ್ಮ ಕಂಪ್ಯೂಟರ್ ಹಳೆಯದಾಗಿದ್ದು ರ‍್ಯಾಮ್ ಕಡಿಮೆ ಇದ್ದರೆ ವೇಗದ ಅಂಕಕ್ಕೆ ಹೆಚ್ಚು ಬೆಲೆ ಕೊಡಿ. ಸ್ಲೋ ಆಯಿತೆಂದು ಆರು ತಿಂಗಳಲ್ಲಿ ಕಿತ್ತುಹಾಕುವ ತಂತ್ರಾಂಶಕ್ಕಿಂತ, ಒಂದು ಅಂಕ ಕಡಿಮೆ ಇದ್ದರೂ ಸದಾ ಓಡುತ್ತಿರುವ ತಂತ್ರಾಂಶ ಮೇಲು.

ಸುಳ್ಳು ಕೂಗಿನ ವಿಚಾರ ಕನ್ನಡದವರು ವಿಶೇಷವಾಗಿ ತಿಳಿದಿರಬೇಕಾದದ್ದು. ನುಡಿ, ಬರಹ ಮುಂತಾದ ಟೈಪಿಂಗ್ ತಂತ್ರಾಂಶಗಳು ನಾವು ಕೀಲಿಮಣೆಯ ಮೇಲೆ ಒತ್ತಿದ್ದನ್ನು ನಡುವೆಯೇ ಹಿಡಿದು ಕನ್ನಡ ಅಕ್ಷರವಾಗಿಸುತ್ತವೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಎಂಬ ಕುತಂತ್ರಾಂಶವೂ ಒತ್ತಿದ್ದನ್ನು ನಡುವೆ ಹಿಡಿಯುವಂಥದ್ದೇ. ಹೊರಗಿನಿಂದ ನೋಡುವ ಆಂಟಿವೈರಸ್‌ಗೆ ಇವೆರಡರ ನಡತೆ ಒಂದೇ ಥರ ಕಂಡು, ಟೈಪಿಂಗ್ ತಂತ್ರಾಂಶದ ಮೇಲೆ ಅನುಮಾನ ಬರುವ ಸಾಧ್ಯತೆ ಇದೆ. ಹಾಗಾದಾಗ ಆಂಟಿವೈರಸನ್ನೇ ಆಫ್ ಮಾಡಿ ಕೂರಬೇಡಿ. ಟೈಪಿಂಗ್ ತಂತ್ರಾಂಶವನ್ನು ಅದನ್ನು ತಯಾರಿಸಿದವರ ಜಾಲತಾಣದಿಂದಲೇ ಇಳಿಸಿಕೊಂಡಿದ್ದೀರಾ ಎಂದು ನೋಡಿ. ವೈರಸ್‌ಟೋಟಲ್ ಎಂಬ ಜಾಲತಾಣಕ್ಕೆ ಆ ಇನ್‌ಸ್ಟಾಲರ್ ಫೈಲನ್ನು ಹಾಕಿದರೆ ಹತ್ತಾರು ಕಂಪನಿಗಳ ಆಂಟಿವೈರಸ್‌ಗಳು ಒಟ್ಟಿಗೆ ಪರೀಕ್ಷಿಸಿ ಉತ್ತರ ಕೊಡುತ್ತವೆ. ಎಲ್ಲ ಸರಿಯಿದ್ದರೆ ಆ ಒಂದು ಪ್ರೋಗ್ರಾಂಗೆ ಮಾತ್ರ ಅನುಮತಿ ಕೊಡಿ. ಅಲ್ಲಿಗೆ ಹಾಕಿದ ಫೈಲು ಬೇರೆಯವರಿಗೂ ಸಿಗಬಹುದಾದ್ದರಿಂದ ಆಧಾರ್, ಬ್ಯಾಂಕಿನ ಕಾಗದ, ಸ್ವಂತದ ಪತ್ರಗಳನ್ನು ಮಾತ್ರ ಎಂದೂ ಹಾಕಬೇಡಿ.

ನಿಮ್ಮ ತಂತ್ರಾಂಶ ಎಚ್ಚರವಾಗಿದೆಯೇ ಎಂದು ನೋಡಲು ಒಂದು ಸುರಕ್ಷಿತ ವಿಧಾನವಿದೆ. ಐಕಾರ್ ಎಂಬ ಸಂಸ್ಥೆ 68 ಅಕ್ಷರಗಳ ಒಂದು ಪರೀಕ್ಷಾ ಫೈಲನ್ನು ಎಲ್ಲರಿಗೂ ಕೊಟ್ಟಿದೆ. ಅದರಲ್ಲಿ ವೈರಸ್ ಇಲ್ಲ, ಅದರಿಂದ ಹಾನಿಯೂ ಇಲ್ಲ. ಆದರೆ ಅದನ್ನು ಕಂಡ ಕೂಡಲೇ ವೈರಸ್ ಸಿಕ್ಕಿತೆಂದು ಕೂಗಬೇಕು ಎಂದು ಆಂಟಿವೈರಸ್ ಕಂಪನಿಗಳೆಲ್ಲ ಒಪ್ಪಿಕೊಂಡಿವೆ. ಐಕಾರ್ ಜಾಲತಾಣದಿಂದ ಅದನ್ನು ಇಳಿಸಿಕೊಳ್ಳಲು ಹೋಗಿ. ನಿಮ್ಮ ತಂತ್ರಾಂಶ ತಡೆದರೆ ಎಚ್ಚರವಾಗಿದೆ ಎಂದರ್ಥ. ಸುಮ್ಮನಿದ್ದರೆ ಅದು ಆಫ್ ಆಗಿದೆಯೋ ಅವಧಿ ಮುಗಿದಿದೆಯೋ ವಿಚಾರಿಸಿ.

ಇನ್ನು ಎರಡನೆಯ ಪ್ರಶ್ನೆ: ನಂಬಬಹುದೇ? ಇದನ್ನು ಕೇಳುವವರು ಕಡಿಮೆ, ಆದ್ದರಿಂದ ಎರಡು ಘಟನೆ ಹೇಳುತ್ತೇನೆ.

ಅವಾಸ್ಟ್ ಎಂಬುದು ಪುಕ್ಕಟೆ ಆಂಟಿವೈರಸ್‌ಗೆ ಹೆಸರಾದ ಕಂಪನಿ. ನಮ್ಮಲ್ಲೂ ಬಹಳ ಜನ ಬಳಸಿದ್ದಾರೆ. ಬಳಕೆದಾರರು ಯಾವ ಯಾವ ಜಾಲತಾಣ ನೋಡುತ್ತಾರೆಂಬ ಮಾಹಿತಿಯನ್ನು ಅದು ಸಂಗ್ರಹಿಸಿ, ಜಂಪ್‌ಶಾಟ್ ಎಂಬ ತನ್ನ ಅಂಗಸಂಸ್ಥೆಯ ಮೂಲಕ ಬೇರೆಯವರಿಗೆ ಮಾರುತ್ತಿತ್ತು. ವಿಷಯ ಹೊರಬಿದ್ದ ಮೇಲೆ 2020ರಲ್ಲಿ ಜಂಪ್‌ಶಾಟ್ ಮುಚ್ಚಿತು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, 1 ಕೋಟಿ 65 ಲಕ್ಷ ಡಾಲರ್ ಕಟ್ಟಬೇಕೆಂದೂ ಇನ್ನು ಮುಂದೆ ಇಂಥ ಮಾಹಿತಿಯನ್ನು ಜಾಹೀರಾತಿಗಾಗಿ ಮಾರಬಾರದೆಂದೂ ವಿಧಿಸಿತು. ಯಾವುದೇ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳುವ ಮೊದಲು ಕಂಪನಿಗೆ ಹಣ ಎಲ್ಲಿಂದ ಬರುತ್ತದೆ ಎಂದು ಕೇಳಿಕೊಳ್ಳಿ. ಪಾವತಿ ಆವೃತ್ತಿ ಮಾರಿ ಬದುಕುವ ಕಂಪನಿ ಪುಕ್ಕಟೆಯಾಗಿಯೂ ಒಂದನ್ನು ಕೊಡುವುದರಲ್ಲಿ ತಪ್ಪಿಲ್ಲ. ಹಾಕಿದ ಮೇಲೆ ಸೆಟಿಂಗ್ಸ್‌ನಲ್ಲಿ ಪ್ರೈವೆಸಿ ಎಂಬ ಪುಟ ತೆರೆದು, ಮಾಹಿತಿ ಹಂಚಿಕೊಳ್ಳುವ ಆಯ್ಕೆಗಳನ್ನು ನೀವೇ ಓದಿ, ಬೇಡದ್ದನ್ನು ತೆಗೆಯಿರಿ.

ಎರಡನೆಯ ಘಟನೆ 2024ರ ಜುಲೈ 19ರದು. ದೊಡ್ಡ ಸಂಸ್ಥೆಗಳಿಗೆ ರಕ್ಷಣಾ ತಂತ್ರಾಂಶ ಒದಗಿಸುವ ಕ್ರೌಡ್‌ಸ್ಟ್ರೈಕ್ ಕಂಪನಿ ಅಂದು ಬೆಳಿಗ್ಗೆ ಕಳಿಸಿದ ಒಂದು ಅಪ್‌ಡೇಟಿನಲ್ಲಿ ದೋಷವಿತ್ತು. ಪ್ರಪಂಚದಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ನಿಂತುಬಿಟ್ಟವು. ಬೆಂಗಳೂರೂ ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರು ಗಂಟೆಗಟ್ಟಲೆ ಕಾದರು. ಕೆಲವೆಡೆ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು. ಅಲ್ಲಿ ಯಾವ ಕಳ್ಳರೂ ಬಂದಿರಲಿಲ್ಲ. ಯಂತ್ರದ ಒಳಗಿನ ಆಳದವರೆಗೂ ಕೈಯಾಡಿಸಲು ಬಿಟ್ಟಿದ್ದ ತಂತ್ರಾಂಶವೇ ಎಡವಿತ್ತು. ಅಂಥ ಅಧಿಕಾರವನ್ನು ಎರಡೆರಡು ಕಂಪನಿಗಳಿಗೆ ಒಟ್ಟಿಗೆ ಕೊಡಬಾರದು. ಒಂದರ ಮೇಲೆ ಇನ್ನೊಂದು ಆಂಟಿವೈರಸ್ ಹಾಕಿದರೆ ಎರಡು ಪಟ್ಟು ರಕ್ಷಣೆ ಸಿಗುತ್ತದೆ ಎಂದುಕೊಂಡವರಿದ್ದಾರೆ. ಆಗುವುದು ಬೇರೆ. ಎರಡೂ ಒಂದೇ ಫೈಲನ್ನು ಹಿಡಿಯಲು ಹೋಗಿ ಒಂದಕ್ಕೊಂದು ಅಡ್ಡ ಬರುತ್ತವೆ, ಕಂಪ್ಯೂಟರ್ ಹ್ಯಾಂಗ್ ಆಗುತ್ತದೆ. ಸದಾ ಕಾಯುವ ತಂತ್ರಾಂಶ ಒಂದೇ ಇರಲಿ.

ಹಾಗಾದರೆ ಮನೆಗೆ ಯಾವುದು ಸಾಕು? ವಿಂಡೋಸ್ 10 ಅಥವಾ 11 ಇದ್ದರೆ ಮೈಕ್ರೋಸಾಫ್ಟ್ ಡಿಫೆಂಡರ್ ಅದರೊಳಗೇ ಇದೆ. ಬೇರೆ ಆಂಟಿವೈರಸ್ ಹಾಕದಿದ್ದರೆ ಅದೇ ಕಾವಲಿಗೆ ನಿಲ್ಲುತ್ತದೆ. ಮೊದಮೊದಲು ಅದರ ಬಗ್ಗೆ ಒಳ್ಳೆಯ ಮಾತು ಇರಲಿಲ್ಲ. ಈಚಿನ ವರ್ಷಗಳಲ್ಲಿ ಸ್ವತಂತ್ರ ಪರೀಕ್ಷೆಗಳಲ್ಲಿ ಅದು ಹಣ ಕೊಟ್ಟು ಕೊಳ್ಳುವ ತಂತ್ರಾಂಶಗಳ ಸಾಲಿನಲ್ಲೇ ನಿಲ್ಲುತ್ತಿದೆ. ಪತ್ರ ಬರೆಯುವುದು, ಬ್ಯಾಂಕಿನ ಕೆಲಸ, ಮಕ್ಕಳ ಪಾಠ ಇಷ್ಟಕ್ಕೆ ಕಂಪ್ಯೂಟರ್ ಬಳಸುವ, ಕ್ರ್ಯಾಕ್ ತಂತ್ರಾಂಶ ಮುಟ್ಟದ, ಅಪ್‌ಡೇಟ್ ತಪ್ಪಿಸದ ಮನೆಗೆ ಅದೇ ಸಾಕೆಂಬುದು ನನ್ನ ಖಚಿತ ಅಭಿಪ್ರಾಯ. ವಿಂಡೋಸ್ ಸೆಕ್ಯುರಿಟಿ ತೆರೆದು ಎಲ್ಲಕ್ಕೂ ಹಸಿರು ಗುರುತು ಇದೆಯೇ ನೋಡಿ. ಅದರಲ್ಲೇ ರಾನ್ಸಮ್‌ವೇರ್ ಪ್ರೊಟೆಕ್ಷನ್ ಎಂಬ ಭಾಗದಲ್ಲಿ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಎಂಬ ಸ್ವಿಚ್ ಇದೆ. ಅದು ಮೊದಲಿಗೆ ಆಫ್ ಆಗಿರುತ್ತದೆ. ಆನ್ ಮಾಡಿದರೆ ಅಪರಿಚಿತ ಪ್ರೋಗ್ರಾಂಗಳು ನಿಮ್ಮ ಡಾಕ್ಯುಮೆಂಟ್ಸ್, ಫೋಟೋ ಫೋಲ್ಡರುಗಳನ್ನು ತಿದ್ದದಂತೆ ತಡೆಯುತ್ತದೆ. ನೀವು ದಿನವೂ ಬಳಸುವ ಯಾವುದಾದರೂ ತಂತ್ರಾಂಶಕ್ಕೆ ತಡೆ ಬಂದರೆ ಅದನ್ನು ಅನುಮತಿಯ ಪಟ್ಟಿಗೆ ಸೇರಿಸಿದರಾಯಿತು.

ಹಣ ಕೊಟ್ಟು ಕೊಳ್ಳಬೇಕಾದ ಸಂದರ್ಭಗಳೂ ಇವೆ. ಹೊರಗಿನವರ ಪೆನ್ ಡ್ರೈವ್ ದಿನವೂ ಚುಚ್ಚಬೇಕಾದ ಡಿಟಿಪಿ ಅಂಗಡಿ, ಹತ್ತು ಕಂಪ್ಯೂಟರ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಬೇಕಾದ ಶಾಲೆ, ಲೆಕ್ಕಪರಿಶೋಧಕರ ಕಚೇರಿ, ಸಹಕಾರ ಸಂಘ ಇವುಗಳಿಗೆ ಪಾವತಿ ತಂತ್ರಾಂಶ ಬೇಕಾಗುತ್ತದೆ. ತೊಂದರೆಯಾದಾಗ ಫೋನಿನಲ್ಲಿ ಸಿಗುವ ನೆರವು ಅವರಿಗೆ ಮುಖ್ಯ. ನಮ್ಮ ದೇಶದ್ದೇ ಕಂಪನಿಗಳೂ ಈ ಕ್ಷೇತ್ರದಲ್ಲಿವೆ. ಪುಣೆಯ ಕ್ವಿಕ್ ಹೀಲ್ ಹುಟ್ಟಿದ್ದು ಕೈಲಾಶ್ ಕಾಟ್ಕರ್ ನಡೆಸುತ್ತಿದ್ದ ರಿಪೇರಿ ಅಂಗಡಿಯಲ್ಲಿ. ವೈರಸ್ ಹತ್ತಿ ಬರುತ್ತಿದ್ದ ಕಂಪ್ಯೂಟರ್‌ಗಳಿಗಾಗಿ ಅವರ ತಮ್ಮ ಸಂಜಯ್ ಬರೆದ ಪ್ರೋಗ್ರಾಂಗಳೇ ಅದಕ್ಕೆ ಬುನಾದಿ. ಲಾಹೋರಿನ ಅಣ್ಣತಮ್ಮಂದಿರು ವೈರಸ್ ಬರೆದರೆ ಪುಣೆಯ ಅಣ್ಣತಮ್ಮಂದಿರು ವೈರಸ್‌ಗಳಿಗೆ ಪರಿಹಾರ ಬರೆದರು. ಚೆನ್ನೈನ ಕೆ7 1991ರಿಂದ ಇದೆ. ಮುಂಬಯಿಯಲ್ಲಿ ಇಸ್ಕ್ಯಾನ್ ಇದೆ. ಸ್ವದೇಶಿ ಎಂಬ ಒಂದೇ ಕಾರಣಕ್ಕೆ ಆರಿಸಬೇಡಿ, ವಿದೇಶಿ ಎಂಬ ಕಾರಣಕ್ಕೂ ಆರಿಸಬೇಡಿ. ಎಲ್ಲರನ್ನೂ ಅದೇ ಎರಡು ಪ್ರಶ್ನೆ ಕೇಳಿ.

ಕೊಳ್ಳುವಾಗ ಕೆಲವು ಎಚ್ಚರ. ಕಂಪನಿಯ ಜಾಲತಾಣದಿಂದ ಅಥವಾ ಪರಿಚಿತ ಅಂಗಡಿಯಿಂದಲೇ ಕೊಳ್ಳಿ. ತೀರಾ ಅಗ್ಗಕ್ಕೆ ಸಿಗುವ ಕೀ ನಂಬರ್‌ಗಳು ಬಳಸಿದ್ದೋ ಕದ್ದದ್ದೋ ಆಗಿರಬಹುದು. ಮೊದಲ ವರ್ಷದ ಬೆಲೆಯ ಜೊತೆಗೆ ನವೀಕರಣದ ಬೆಲೆಯನ್ನೂ ಕೇಳಿ. ತಾನಾಗಿಯೇ ಹಣ ಕಡಿತವಾಗುವ ಒಪ್ಪಿಗೆ ಕೊಟ್ಟಿದ್ದೀರಾ ನೋಡಿಕೊಳ್ಳಿ. ಎಷ್ಟು ಕಂಪ್ಯೂಟರಿಗೆ, ಎಷ್ಟು ವರ್ಷಕ್ಕೆ ಎಂಬುದನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಹೊಸ ಲ್ಯಾಪ್‌ಟಾಪಿನಲ್ಲಿ ಮೊದಲೇ ಬಂದಿರುವ ಟ್ರಯಲ್ ತಂತ್ರಾಂಶದ ಅವಧಿ ಮುಗಿದ ಮೇಲೆ ಅದನ್ನು ಹಾಗೇ ಬಿಡಬೇಡಿ. ಹಣ ಕಟ್ಟಿ ಮುಂದುವರಿಸಿ, ಇಲ್ಲವೇ ತೆಗೆದುಹಾಕಿ ಡಿಫೆಂಡರ್ ಕೆಲಸ ಮಾಡಲು ಬಿಡಿ.

ಇಂಟರ್ನೆಟ್ ನೋಡುತ್ತಿರುವಾಗ ಪರದೆ ತುಂಬ ಕೆಂಪಾಗಿ, ಸೈರನ್ ಕೂಗುತ್ತಾ, "ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಕರೆ ಮಾಡಿ" ಎಂಬ ಎಚ್ಚರಿಕೆ ಬಂದರೆ ಅದು ವಂಚಕರ ಬಲೆ. ಮೈಕ್ರೋಸಾಫ್ಟ್‌ನ ನಿಜವಾದ ಎಚ್ಚರಿಕೆಯಲ್ಲಿ ಫೋನ್ ನಂಬರ್ ಇರುವುದಿಲ್ಲ. ಕರೆ ಮಾಡಿದರೆ ಅತ್ತಲಿಂದ ನಯವಾಗಿ ಮಾತಾಡಿ, ದೂರದಿಂದ ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಸಿ, ಬ್ಯಾಂಕ್ ಖಾತೆ ಖಾಲಿ ಮಾಡುತ್ತಾರೆ. ಮನೆಯ ಹಿರಿಯರಿಗೆ ಇದನ್ನು ಕೂರಿಸಿಕೊಂಡು ಹೇಳಿಕೊಡಿ. ಬ್ರೌಸರ್ ಮುಚ್ಚಬೇಕು, ಮುಚ್ಚಲು ಆಗದಿದ್ದರೆ ಕಂಪ್ಯೂಟರನ್ನೇ ಆಫ್ ಮಾಡಬೇಕು. ಯಾರಿಗೂ ಫೋನ್ ಮಾಡಬಾರದು.

ಅತಿ ಒಳ್ಳೆಯ ತಂತ್ರಾಂಶಕ್ಕೂ ಮಿತಿಯಿದೆ. 2017ರ ಮೇ 12ರಂದು ವನ್ನಾಕ್ರೈ ಎಂಬ ರಾನ್ಸಮ್‌ವೇರ್ 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳನ್ನು ಹಿಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗಳು ಮುಂದೆ ಹೋದವು. ನಮ್ಮ ನೆರೆಯ ಆಂಧ್ರದಲ್ಲಿ ಪೊಲೀಸ್ ಕಂಪ್ಯೂಟರ್‌ಗಳು ಸಿಕ್ಕಿಬಿದ್ದವು. ಅದು ನುಗ್ಗಿದ್ದು ವಿಂಡೋಸ್‌ನ ಒಂದು ಬಿರುಕಿನಿಂದ. ಆ ಬಿರುಕನ್ನು ಮುಚ್ಚುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಬಿಡುಗಡೆ ಮಾಡಿತ್ತು. ಎರಡು ತಿಂಗಳು ಅದನ್ನು ಹಾಕಿಕೊಳ್ಳದವರು ಬೆಲೆ ತೆತ್ತರು. ಅಪ್‌ಡೇಟ್ ಬಂದಾಗ "ನಾಳೆ ನೆನಪಿಸು" ಎಂದು ಒತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಸಾಧ್ಯವಿದ್ದವರು ವಿಂಡೋಸ್ 11ಕ್ಕೆ ಹೋಗಿ. ಯಂತ್ರ ಹಳೆಯದಾಗಿದ್ದರೆ ಲಿನಕ್ಸ್ ಹಾಕಿಸಿಕೊಳ್ಳುವುದನ್ನೂ ಯೋಚಿಸಿ.

ಅಪ್‌ಡೇಟಿನ ಜೊತೆಗೆ ಬೇಕಾದ ಇನ್ನೊಂದು, ಬ್ಯಾಕಪ್. ಏಮ್ಸ್ ಕಥೆಯ ಉಳಿದ ಅರ್ಧ ಇಲ್ಲಿದೆ. ಅಲ್ಲಿನ ಇ-ಹಾಸ್ಪಿಟಲ್ ಮಾಹಿತಿಯೆಲ್ಲ ಮರಳಿ ಸಿಕ್ಕಿದ್ದು ದಾಳಿಗೆ ಸಿಗದೆ ಉಳಿದಿದ್ದ ಒಂದು ಬ್ಯಾಕಪ್ ಸರ್ವರಿನಿಂದ ಎಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಮನೆಯಲ್ಲಿ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಕೊಂಡು, ವಾರಕ್ಕೊಮ್ಮೆ ಮುಖ್ಯ ಫೈಲುಗಳನ್ನು ಅದಕ್ಕೆ ನಕಲು ಮಾಡಿ, ಕೇಬಲ್ ಕಿತ್ತು ಬೀರುವಿನಲ್ಲಿಡಿ. ಕೇಬಲ್ ಕೀಳುವುದೇ ಇಲ್ಲಿ ಮುಖ್ಯ. ಚುಚ್ಚಿಯೇ ಇಟ್ಟ ಡಿಸ್ಕನ್ನೂ ರಾನ್ಸಮ್‌ವೇರ್ ಬಿಡುವುದಿಲ್ಲ. ಆಂಟಿವೈರಸ್ ಅಥವಾ ಬ್ಯಾಕಪ್ ಡಿಸ್ಕ್ ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದೆ ಎನ್ನುವವರಿಗೆ ನನ್ನ ಸಲಹೆ: ಡಿಫೆಂಡರ್ ಬಳಸಿ, ಹಣಕ್ಕೆ ಡಿಸ್ಕ್ ಕೊಳ್ಳಿ.

ಒಂದು ವೇಳೆ ಸಿಕ್ಕಿಬಿದ್ದರೆ ಮೊದಲು ಇಂಟರ್ನೆಟ್ ಕಡಿಯಿರಿ, ಬೇರೆ ಕಂಪ್ಯೂಟರ್‌ಗಳಿಂದ ಬೇರ್ಪಡಿಸಿ. ಹಣ ಕೇಳಿದರೆ ಕೊಡಬೇಡಿ. ಕೊಟ್ಟ ಮೇಲೂ ಫೈಲುಗಳು ಸಿಗುತ್ತವೆಂಬ ಖಾತ್ರಿ ಇಲ್ಲ. ಯುರೋಪೋಲ್ ಮತ್ತು ನೆದರ್ಲೆಂಡ್ಸ್ ಪೊಲೀಸರು 2016ರಲ್ಲಿ ರಕ್ಷಣಾ ಕಂಪನಿಗಳ ಜೊತೆಗೂಡಿ ಆರಂಭಿಸಿದ 'ನೋ ಮೋರ್ ರಾನ್ಸಮ್' ಜಾಲತಾಣದಲ್ಲಿ ಹಲವು ಬಗೆಯ ರಾನ್ಸಮ್‌ವೇರ್ ಬಿಡಿಸುವ ಸಾಧನಗಳು ಪುಕ್ಕಟೆ ಸಿಗುತ್ತವೆ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆ 2017ರಲ್ಲಿ ಆರಂಭಿಸಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ಕಂಪ್ಯೂಟರ್ ಶುಚಿಗೊಳಿಸುವ ಪುಕ್ಕಟೆ ಸಾಧನಗಳಿವೆ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

ಕೊನೆಯದಾಗಿ, ಬೇರೆಯವರ ಮಾಹಿತಿಯನ್ನು ಕೈಯಲ್ಲಿಟ್ಟುಕೊಂಡವರಿಗೆ ಒಂದು ಮಾತು. ಗ್ರಾಮ ಪಂಚಾಯಿತಿ, ಸಹಕಾರ ಸಂಘ, ಶಾಲೆ, ಸಣ್ಣ ಆಸ್ಪತ್ರೆ, ಊರಿನ ಡಿಟಿಪಿ ಅಂಗಡಿ, ಈ ಕಂಪ್ಯೂಟರ್‌ಗಳಲ್ಲಿ ಇರುವುದು ನೂರಾರು ಜನರ ಆಧಾರ್ ಪ್ರತಿ, ಸಾಲದ ಲೆಕ್ಕ, ಅಂಕಪಟ್ಟಿ, ರಕ್ತಪರೀಕ್ಷೆಯ ವರದಿ. ಅಲ್ಲಿ ವೈರಸ್ ಬಂದರೆ ನಷ್ಟ ಅನುಭವಿಸುವವರು ಆ ಕಂಪ್ಯೂಟರನ್ನು ಎಂದೂ ಮುಟ್ಟಿರದ ಜನ. ಕಟ್ಟಡಕ್ಕೆ ಸುಣ್ಣ ಬಳಿಯಲು, ಫ್ಯಾನ್ ರಿಪೇರಿ ಮಾಡಿಸಲು ವರ್ಷದ ಲೆಕ್ಕದಲ್ಲಿ ಹಣ ಇಡುತ್ತೇವೆ. ಅಸಲಿ ತಂತ್ರಾಂಶ, ಅದರ ನವೀಕರಣ, ಒಂದು ಬ್ಯಾಕಪ್ ಡಿಸ್ಕ್, ಇಷ್ಟಕ್ಕೂ ಅದೇ ಲೆಕ್ಕದಲ್ಲಿ ಪ್ರತ್ಯೇಕ ಸಾಲು ಇರಬೇಕು. ಸಂಘದ ಸದಸ್ಯರು, ಮಕ್ಕಳ ತಂದೆತಾಯಿ, ಗ್ರಾಮಸಭೆಗೆ ಹೋಗುವವರು ಮುಂದಿನ ಸಭೆಯಲ್ಲಿ ಎದ್ದು ನಿಂತು, "ನಮ್ಮ ಮಾಹಿತಿಗೆ ಕಾವಲು ಏನಿಟ್ಟಿದ್ದೀರಿ, ಬ್ಯಾಕಪ್ ಯಾವಾಗ ತೆಗೆದಿರಿ?" ಎಂದು ಕೇಳಿ. ಹಾಗೆ ಕೇಳುವ ಹಕ್ಕು ನಿಮಗಿದೆ, ಉತ್ತರ ಕೊಡುವ ಹೊಣೆ ಅವರಿಗಿದೆ.